ದ್ವಿಬಂಧಕ್ಕೆ ಯಾವುದು ಸೇರುತ್ತದೆ, ಯಾವ ತುದಿಗೆ? – ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಲ ದಾವಣಗೆರೆ, ಚಿತ್ರದುರ್ಗ ಜಿಲ್ಲೆಗಳಿಂದ ಬಂದ ಪತ್ರಗಳಲ್ಲಿ ಪಿಯು ವಿದ್ಯಾರ್ಥಿಗಳವೂ ಇವೆ, ಎಣ್ಣೆ ಗಿರಣಿಯವರದ್ದೂ ಇದೆ, ಬಾಳೆ ಬೆಳೆಗಾರರದ್ದೂ ಇದೆ. ಬೇರೆ ಬೇರೆ ಪ್ರಶ್ನೆಗಳಂತೆ ಕಂಡರೂ ಎಲ್ಲವೂ ಬಂದು ನಿಲ್ಲುವುದು ಕಾರ್ಬನ್–ಕಾರ್ಬನ್ ದ್ವಿಬಂಧದ ಮೇಲೆ, ಅದಕ್ಕೆ ಮತ್ತೊಂದು ಅಣು ಸೇರಿಕೊಳ್ಳುವ ಸಂಕಲನ ಕ್ರಿಯೆಯ ಮೇಲೆ. ಆದ್ದರಿಂದ ಎಲ್ಲಕ್ಕೂ ಒಟ್ಟಿಗೇ ಉತ್ತರಿಸಿದ್ದೇವೆ.

ಪ್ರಶ್ನೆ: ‘ಹೈಡ್ರೋಜನ್ ಹೆಚ್ಚಿರುವ ಕಾರ್ಬನ್‌ಗೇ ಹೈಡ್ರೋಜನ್ ಹೋಗುತ್ತದೆ’ ಎಂದು ಮಾರ್ಕೊವ್ನಿಕೊವ್ ನಿಯಮ ಬಾಯಿಪಾಠ ಮಾಡಿದ್ದೇನೆ ಸರ್. 3,3-ಡೈಮೀಥೈಲ್‌ಬ್ಯೂಟ್-1-ಈನ್‌ಗೆ ಹೈಡ್ರೋಜನ್ ಬ್ರೋಮೈಡ್ ಸೇರಿಸಿದಾಗ ಬರುವುದು 2-ಬ್ರೋಮೋ-3,3-ಡೈಮೀಥೈಲ್‌ಬ್ಯೂಟೇನ್ ಎಂದು ಬರೆದೆ. ಕೀ ಉತ್ತರದಲ್ಲಿ ಬೇರೆಯೇ ಇತ್ತು. ಹಾಗಾದರೆ ನಿಯಮ ತಪ್ಪೇ?
– ದ್ವಿತೀಯ ಪಿಯು ವಿದ್ಯಾರ್ಥಿನಿ, ದಾವಣಗೆರೆ

ಉತ್ತರ: ನಿಯಮ ತಪ್ಪಲ್ಲ ತಾಯಿ, ಅದನ್ನು ಬಾಯಿಪಾಠ ಮಾಡಿದ ರೀತಿ ಸಾಲದು. ಮಾರ್ಕೊವ್ನಿಕೊವ್ ಇದನ್ನು ಪ್ರಕಟಿಸಿದ್ದು 1870ರಲ್ಲಿ. ಎಲೆಕ್ಟ್ರಾನ್ ಪತ್ತೆಯಾದದ್ದು 1897ರಲ್ಲಿ. ಅಂದರೆ ಅವರ ಕೈಯಲ್ಲಿದ್ದದ್ದು ಯಾವ ಉತ್ಪನ್ನ ಬರುತ್ತದೆ ಎಂಬ ಅವಲೋಕನ ಮಾತ್ರ. ಯಾಕೆ ಬರುತ್ತದೆ ಎಂಬುದು ನಂತರದವರು ಕಂಡುಕೊಂಡದ್ದು, ನಿಮ್ಮ ಪ್ರಶ್ನೆಗೆ ಉತ್ತರ ಇರುವುದೂ ಅಲ್ಲೇ.

ದ್ವಿಬಂಧದಲ್ಲಿ ಒಂದು ಸಿಗ್ಮಾ ಬಂಧ, ಒಂದು ಪೈ ಬಂಧ. ಸಿಗ್ಮಾ ಮುರಿಯಲು ಮೋಲ್‌ಗೆ ಸುಮಾರು 350 ಕಿಲೋಜೂಲ್ ಬೇಕು, ಪೈ ಬಂಧಕ್ಕೆ ಸುಮಾರು 265 ಸಾಕು. ಪೈ ಎಲೆಕ್ಟ್ರಾನ್‌ಗಳು ಅಣುವಿನ ತಲದ ಮೇಲೂ ಕೆಳಗೂ ಹರಡಿಕೊಂಡಿರುವುದರಿಂದ ಧನಾವೇಶದ ಕಣಕ್ಕೆ ಸುಲಭವಾಗಿ ಸಿಗುತ್ತವೆ. ಹೈಡ್ರೋಜನ್ ಬ್ರೋಮೈಡ್ ಬಂದಾಗ ಮೊದಲು ಅಂಟಿಕೊಳ್ಳುವುದು ಪ್ರೋಟಾನ್. ಅದು ಒಂದು ಕಾರ್ಬನ್‌ಗೆ ಸೇರಿದ ಕ್ಷಣ ಇನ್ನೊಂದು ಕಾರ್ಬನ್ ಧನಾವೇಶ ಹೊತ್ತು ಕಾರ್ಬೋಕ್ಯಾಟಯಾನ್ ಆಗುತ್ತದೆ. ಬ್ರೋಮೈಡ್ ಅಯಾನ್ ಬಂದು ಕೂರುವುದು ಅದರ ನಂತರ. ಹಾಗಾಗಿ ‘ಹೈಡ್ರೋಜನ್ ಎಲ್ಲಿ ಹೆಚ್ಚಿದೆ’ ಎಂದು ಎಣಿಸುವ ಬದಲು ‘ಯಾವ ತುದಿಗೆ ಪ್ರೋಟಾನ್ ಸೇರಿದರೆ ಹೆಚ್ಚು ಸ್ಥಿರವಾದ ಕಾರ್ಬೋಕ್ಯಾಟಯಾನ್ ಉಳಿಯುತ್ತದೆ’ ಎಂದು ಕೇಳಿಕೊಳ್ಳಿ. ಪ್ರೊಪೀನ್‌ನಲ್ಲಿ ಎರಡೂ ಪ್ರಶ್ನೆಗೆ ಒಂದೇ ಉತ್ತರ, 2-ಬ್ರೋಮೋಪ್ರೊಪೇನ್. ನಿಮ್ಮ ಅಣುವಿನಲ್ಲಿ ಹಾಗಿಲ್ಲ.

ಅಲ್ಲಿ ಪ್ರೋಟಾನ್ ಒಂದನೇ ಕಾರ್ಬನ್‌ಗೆ ಸೇರಿ ಎರಡನೇ ಕಾರ್ಬನ್ ಮೇಲೆ ಸೆಕೆಂಡರಿ (ಎರಡು ಕಾರ್ಬನ್ ಅಂಟಿದ) ಕಾರ್ಬೋಕ್ಯಾಟಯಾನ್ ಆಗುತ್ತದೆ. ಇಷ್ಟರವರೆಗೆ ನೀವು ಬರೆದದ್ದು ಸರಿ. ಈಗ ಪಕ್ಕದ ಮೂರನೇ ಕಾರ್ಬನ್ ನೋಡಿ. ಅದಕ್ಕೆ ಮೂರು ಮೀಥೈಲ್ ಗುಂಪುಗಳಿವೆ, ಹೈಡ್ರೋಜನ್ ಒಂದೂ ಇಲ್ಲ. ಒಂದು ಮೀಥೈಲ್ ತನ್ನ ಎಲೆಕ್ಟ್ರಾನ್ ಜೋಡಿಯ ಸಮೇತ ಎರಡನೇ ಕಾರ್ಬನ್‌ಗೆ ಸರಿದರೆ ಧನಾವೇಶ ಮೂರನೆಯದಕ್ಕೆ ಬಂದು ಟರ್ಷಿಯರಿ (ಮೂರು ಕಾರ್ಬನ್ ಅಂಟಿದ) ಕಾರ್ಬೋಕ್ಯಾಟಯಾನ್ ಆಗುತ್ತದೆ. ಅದು ಹೆಚ್ಚು ಸ್ಥಿರ, ಆದ್ದರಿಂದ ಮೀಥೈಲ್ ಸರಿಯುತ್ತದೆ. ಬ್ರೋಮೈಡ್ ಕೂರುವುದು ಅಲ್ಲಿ. ಮುಖ್ಯ ಉತ್ಪನ್ನ 2-ಬ್ರೋಮೋ-2,3-ಡೈಮೀಥೈಲ್‌ಬ್ಯೂಟೇನ್. ನೀವು ಬರೆದ ಉತ್ಪನ್ನವೂ ಸ್ವಲ್ಪ ಬರುತ್ತದೆ, ಆದರೆ ಅದು ಮುಖ್ಯವಲ್ಲ.

ಇದೇ ಅಣುವಿನಿಂದ ಆಲ್ಕೋಹಾಲ್ ಮಾಡುವ ಮೂರು ದಾರಿಗಳನ್ನು ಒಂದೇ ಪುಟದಲ್ಲಿ ಬರೆದು ನೋಡಿ, ಇಡೀ ಅಧ್ಯಾಯ ತಿಳಿಯಾಗುತ್ತದೆ. ಸಾರರಿಕ್ತ ಆಮ್ಲ ಮತ್ತು ನೀರಿನಲ್ಲಿ ನಿಜವಾದ ಕಾರ್ಬೋಕ್ಯಾಟಯಾನ್ ಹುಟ್ಟುತ್ತದೆ, ಮೀಥೈಲ್ ಸರಿಯುತ್ತದೆ, 2,3-ಡೈಮೀಥೈಲ್‌ಬ್ಯೂಟಾನ್-2-ಆಲ್ ಬರುತ್ತದೆ. ಮರ್ಕ್ಯುರಿಕ್ ಅಸಿಟೇಟ್ ಬಳಸಿ ಆಮೇಲೆ ಸೋಡಿಯಂ ಬೋರೋಹೈಡ್ರೈಡ್ ಹಾಕಿದರೆ ಮಧ್ಯದ ಹಂತದಲ್ಲಿ ಪಾದರಸ ಎರಡೂ ಕಾರ್ಬನ್‌ಗಳನ್ನು ಸೇತುವೆಯಾಗಿ ಹಿಡಿದಿರುತ್ತದೆ. ಧನಾವೇಶ ಬಿಡುವಾಗಿ ಓಡಾಡುವಂತಿಲ್ಲ, ಏನೂ ಸರಿಯುವುದಿಲ್ಲ, 3,3-ಡೈಮೀಥೈಲ್‌ಬ್ಯೂಟಾನ್-2-ಆಲ್ ಸಿಗುತ್ತದೆ. ಮೂರನೆಯದು ಡೈಬೋರೇನ್, ಆಮೇಲೆ ಕ್ಷಾರೀಯ ಹೈಡ್ರೋಜನ್ ಪೆರಾಕ್ಸೈಡ್. ಬೋರಾನ್ ಮತ್ತು ಹೈಡ್ರೋಜನ್ ಒಂದೇ ಹೆಜ್ಜೆಯಲ್ಲಿ, ಒಂದೇ ಬದಿಯಿಂದ ಸೇರುತ್ತವೆ. ಬೋರಾನ್ ಇಕ್ಕಟ್ಟಿಲ್ಲದ ತುದಿಯ ಕಾರ್ಬನ್‌ಗೆ ಹೋಗುತ್ತದೆ, ಕೊನೆಗೆ ಅದರ ಜಾಗಕ್ಕೇ ಹೈಡ್ರಾಕ್ಸಿಲ್ ಬಂದು 3,3-ಡೈಮೀಥೈಲ್‌ಬ್ಯೂಟಾನ್-1-ಆಲ್ ಆಗುತ್ತದೆ. ಈ ವಿಧಾನಕ್ಕಾಗಿಯೇ ಎಚ್.ಸಿ. ಬ್ರೌನ್ ಅವರಿಗೆ 1979ರ ನೊಬೆಲ್‌ನಲ್ಲಿ ಪಾಲು ಸಿಕ್ಕಿತು. ಆಲ್ಕೀನ್ (ದ್ವಿಬಂಧವಿರುವ ಹೈಡ್ರೋಕಾರ್ಬನ್) ಒಂದೇ, ಆಲ್ಕೋಹಾಲ್ ಮೂರು. ಬದಲಾದದ್ದು ನಡುವಿನ ಹಂತ ಮಾತ್ರ.

ನಿಯಮ ಪೂರ್ತಿ ತಲೆಕೆಳಗಾಗುವ ಉದಾಹರಣೆಯೂ ಪರೀಕ್ಷೆಗೆ ಬರಬಹುದು: 3,3,3-ಟ್ರೈಫ್ಲೋರೋಪ್ರೊಪೀನ್. ಮೂರು ಫ್ಲೋರಿನ್‌ಗಳು ಎಲೆಕ್ಟ್ರಾನ್ ಎಳೆಯುವುದರಿಂದ ಅವುಗಳ ಪಕ್ಕದ ಕಾರ್ಬನ್ ಮೇಲೆ ಧನಾವೇಶ ನಿಲ್ಲುವುದು ಕಷ್ಟ, ತುದಿಯ ಕಾರ್ಬನ್ ಮೇಲೆ ನಿಲ್ಲುವುದೇ ವಾಸಿ. ಹಾಗಾಗಿ ಹ್ಯಾಲೋಜನ್ ತುದಿಗೆ ಹೋಗುತ್ತದೆ.

ಪ್ರಶ್ನೆ: ಪೆರಾಕ್ಸೈಡ್ ಹಾಕಿದರೆ ಉಲ್ಟಾ ಆಗುವುದು ಹೈಡ್ರೋಜನ್ ಬ್ರೋಮೈಡ್‌ಗೆ ಮಾತ್ರ, ಕ್ಲೋರೈಡ್‌ಗೂ ಅಯೋಡೈಡ್‌ಗೂ ಇಲ್ಲ ಅಂತ ನೋಟ್ಸ್‌ನಲ್ಲಿದೆ. ಕಾರಣ ಬರೆಸಿಲ್ಲ.
– ವಿದ್ಯಾರ್ಥಿ, ಹರಿಹರ

ಉತ್ತರ: 1933ರಲ್ಲಿ ಷಿಕಾಗೋದಲ್ಲಿ ಖರಾಷ್ ಮತ್ತು ಮೇಯೊ ಅವರು ಅಲೈಲ್ ಬ್ರೋಮೈಡ್ ಮೇಲೆ ಕೆಲಸ ಮಾಡುತ್ತ ಇದನ್ನು ಬಿಡಿಸಿದರು. ಅಲ್ಲಿಯವರೆಗೆ ಒಂದೇ ಪ್ರಯೋಗಕ್ಕೆ ಒಬ್ಬೊಬ್ಬರಿಗೆ ಒಂದೊಂದು ಫಲಿತಾಂಶ ಬರುತ್ತಿತ್ತು. ಗಾಳಿ ತಾಗಿ ಹಳತಾದ ಆಲ್ಕೀನ್‌ನಲ್ಲಿ ತಾನಾಗಿಯೇ ಪೆರಾಕ್ಸೈಡ್ ಕೂಡಿಕೊಂಡಿರುತ್ತದೆ ಎಂಬುದು ಗೊತ್ತಿರಲಿಲ್ಲ.

ಪೆರಾಕ್ಸೈಡ್ ಇದ್ದಾಗ ಮೊದಲು ದಾಳಿ ಮಾಡುವುದು ಪ್ರೋಟಾನ್ ಅಲ್ಲ, ಬ್ರೋಮಿನ್ ಪರಮಾಣು, ಅಂದರೆ ಜೋಡಿಯಿಲ್ಲದ ಎಲೆಕ್ಟ್ರಾನ್ ಇರುವ ಫ್ರೀ ರ‍್ಯಾಡಿಕಲ್. ಅದೂ ತುದಿಯ ಕಾರ್ಬನ್‌ಗೇ ಸೇರುತ್ತದೆ, ಯಾಕೆಂದರೆ ಆಗ ಉಳಿಯುವ ಸೆಕೆಂಡರಿ ರ‍್ಯಾಡಿಕಲ್ ಹೆಚ್ಚು ಸ್ಥಿರ. ಗಮನಿಸಿ, ತರ್ಕ ಉಲ್ಟಾ ಆಗಿಲ್ಲ. ಮೊದಲು ಬಂದವರು ಬದಲಾದರು, ಅಷ್ಟೇ. ಪ್ರೊಪೀನ್‌ನಿಂದ 1-ಬ್ರೋಮೋಪ್ರೊಪೇನ್ ಬರುವುದು ಹೀಗೆ.

ಈ ಸರಣಿ ಕ್ರಿಯೆ ಓಡಲು ಎರಡು ಹೆಜ್ಜೆಗಳೂ ಶಕ್ತಿ ಬಿಡುಗಡೆ ಮಾಡುವಂತಿರಬೇಕು. ಒಂದು, ಹ್ಯಾಲೋಜನ್ ಪರಮಾಣು ದ್ವಿಬಂಧಕ್ಕೆ ಸೇರುವುದು. ಎರಡು, ಹಾಗೆ ಹುಟ್ಟಿದ ಕಾರ್ಬನ್ ರ‍್ಯಾಡಿಕಲ್ ಇನ್ನೊಂದು ಹೈಡ್ರೋಜನ್ ಹ್ಯಾಲೈಡ್‌ನಿಂದ ಹೈಡ್ರೋಜನ್ ಕಿತ್ತುಕೊಳ್ಳುವುದು. ಬಂಧಶಕ್ತಿ ಕ್ಲೋರೈಡ್‌ಗೆ 431, ಬ್ರೋಮೈಡ್‌ಗೆ 366, ಅಯೋಡೈಡ್‌ಗೆ ಸುಮಾರು 298 ಕಿಲೋಜೂಲ್. ಕಾರ್ಬನ್–ಹೈಡ್ರೋಜನ್ ಬಂಧ ಹುಟ್ಟಿದಾಗ ಸಿಗುವುದು ಸುಮಾರು 410. ಕ್ಲೋರೈಡ್‌ನಲ್ಲಿ ಎರಡನೇ ಹೆಜ್ಜೆ ನಷ್ಟದ್ದು, ಸರಣಿ ಅಲ್ಲೇ ನಿಲ್ಲುತ್ತದೆ. ಅಯೋಡೈಡ್‌ನಲ್ಲಿ ಎರಡನೇ ಹೆಜ್ಜೆ ಸಲೀಸು, ಆದರೆ ಮೊದಲನೆಯದು ನಡೆಯದು: ಕಾರ್ಬನ್–ಅಯೋಡಿನ್ ಬಂಧ ದುರ್ಬಲ, ಪೈ ಬಂಧ ಕಳೆದುಕೊಂಡದ್ದಕ್ಕೆ ಅದು ಸರಿತೂಗುವುದಿಲ್ಲ. ಅಯೋಡಿನ್ ಪರಮಾಣುಗಳು ಒಂದಕ್ಕೊಂದು ಕೂಡಿ ಅಯೋಡಿನ್ ಆಗಿಬಿಡುತ್ತವೆ. ಎರಡೂ ಹೆಜ್ಜೆ ಲಾಭದಲ್ಲಿರುವುದು ಬ್ರೋಮೈಡ್ ಒಂದಕ್ಕೇ.

ಸರಣಿಯಾದ್ದರಿಂದ ಪೆರಾಕ್ಸೈಡ್ ಚಿಟಿಕೆಯಷ್ಟು ಸಾಕು. ಹೈಡ್ರೋಕ್ವಿನೋನ್‌ನಂಥ ತಡೆಕಾರಕ ಸ್ವಲ್ಪ ಬೆರೆಸಿದರೆ ಸರಣಿ ಮುರಿದು ಮತ್ತೆ ಮಾರ್ಕೊವ್ನಿಕೊವ್ ಉತ್ಪನ್ನವೇ ಬರುತ್ತದೆ. ಇನ್ನೊಂದು ಮಾತು: ರ‍್ಯಾಡಿಕಲ್‌ನಲ್ಲಿ ಮೀಥೈಲ್ ಸರಿಯುವುದಿಲ್ಲ. ಮೇಲಿನ ಪ್ರಶ್ನೆಯ ಆಲ್ಕೀನ್‌ಗೇ ಪೆರಾಕ್ಸೈಡ್ ಹಾಕಿದರೆ 1-ಬ್ರೋಮೋ-3,3-ಡೈಮೀಥೈಲ್‌ಬ್ಯೂಟೇನ್ ಬರುತ್ತದೆ, ಇಂಗಾಲದ ಹಂದರ ಹಾಗೇ ಉಳಿಯುತ್ತದೆ.

ಪ್ರಶ್ನೆ: ನಮ್ಮ ಕಾಲೇಜು ಲ್ಯಾಬ್‌ನಲ್ಲಿ ಅಪರ್ಯಾಪ್ತತೆಯ (ದ್ವಿಬಂಧ ಇದೆಯೇ ಎಂಬ) ಪರೀಕ್ಷೆಗೆ ಸಿನ್ನಮಿಕ್ ಆಮ್ಲ ಕೊಡುತ್ತೇವೆ. ಬ್ರೋಮಿನ್ ನೀರಿನ ಬಣ್ಣ ಕೆಲವರಿಗೆ ಹೋಗುತ್ತದೆ, ಕೆಲವರಿಗೆ ಹೋಗುವುದಿಲ್ಲ. ಸೋಡಿಯಂ ಕಾರ್ಬೊನೇಟ್‌ನಲ್ಲಿ ಕರಗಿಸಿದವರಿಗೆ ಮಾತ್ರ ತಕ್ಷಣ ಹೋಗುತ್ತದೆ. ಹಾಗೇ ಮಾಡಿಸಬಹುದೇ?
– ರಸಾಯನಶಾಸ್ತ್ರ ಉಪನ್ಯಾಸಕರು, ಚಿತ್ರದುರ್ಗ

ಉತ್ತರ: ದಯವಿಟ್ಟು ಹಾಗೆ ಮಾಡಿಸಬೇಡಿ ಸರ್. ಬಣ್ಣ ತಕ್ಷಣ ಹೋಗುತ್ತಿರುವುದು ದ್ವಿಬಂಧದಿಂದಲ್ಲ, ಕ್ಷಾರದಿಂದ. ಕ್ಷಾರೀಯ ದ್ರಾವಣದಲ್ಲಿ ಬ್ರೋಮಿನ್ ತಾನೇ ಬ್ರೋಮೈಡ್ ಮತ್ತು ಹೈಪೋಬ್ರೋಮೈಟ್ ಆಗಿ ಒಡೆದು ಬಣ್ಣ ಕಳೆದುಕೊಳ್ಳುತ್ತದೆ. ಬೆಂಜೋಯಿಕ್ ಆಮ್ಲವನ್ನು ಕಾರ್ಬೊನೇಟ್‌ನಲ್ಲಿ ಕರಗಿಸಿ ಹಾಕಿದರೂ ಹಾಗೇ ಆಗುತ್ತದೆ, ಅದರಲ್ಲಿ ಈ ಪರೀಕ್ಷೆ ತೋರಿಸಬೇಕಾದ ದ್ವಿಬಂಧವೇ ಇಲ್ಲ. ಆಲ್ಕೀನ್ ಇಲ್ಲದ ಖಾಲಿ ಪರೀಕ್ಷೆಯನ್ನು ಪಕ್ಕದ ಪ್ರನಾಳದಲ್ಲಿ ಕಡ್ಡಾಯವಾಗಿ ಮಾಡಿಸಿದರೆ ಮಕ್ಕಳಿಗೇ ಇದು ಗೊತ್ತಾಗುತ್ತದೆ.

ಕಾರ್ಬೊನೇಟ್ ಹಾಕದವರಿಗೆ ಬಣ್ಣ ಹೋಗದಿರಲು ಎರಡು ಕಾರಣ. ಸಿನ್ನಮಿಕ್ ಆಮ್ಲ ತಣ್ಣೀರಿನಲ್ಲಿ ಹೆಚ್ಚು ಕಡಿಮೆ ಕರಗುವುದೇ ಇಲ್ಲ. ಜೊತೆಗೆ ದ್ವಿಬಂಧಕ್ಕೆ ಅಂಟಿದ ಕಾರ್ಬಾಕ್ಸಿಲ್ ಗುಂಪು ಎಲೆಕ್ಟ್ರಾನ್‌ಗಳನ್ನು ತನ್ನತ್ತ ಎಳೆದುಕೊಳ್ಳುತ್ತದೆ, ಬ್ರೋಮಿನ್‌ಗೆ ಬೇಕಾದ ಪೈ ಎಲೆಕ್ಟ್ರಾನ್‌ಗಳು ಅಷ್ಟು ಸುಲಭಕ್ಕೆ ಸಿಗುವುದಿಲ್ಲ. ಮೇಲಿಕ್ ಆಮ್ಲದಲ್ಲೂ ಇದೇ ತಾಪತ್ರಯ. ಸುಮಾರು 0.1 ಗ್ರಾಂ ಸಿನ್ನಮಿಕ್ ಆಮ್ಲವನ್ನು 2 ಮಿ.ಲೀ. ಗ್ಲೇಶಿಯಲ್ ಅಸಿಟಿಕ್ ಆಮ್ಲದಲ್ಲಿ ಕರಗಿಸಿ, ಅಸಿಟಿಕ್ ಆಮ್ಲದಲ್ಲೇ ಮಾಡಿದ ಸಾರರಿಕ್ತ ಬ್ರೋಮಿನ್ ದ್ರಾವಣವನ್ನು ತೊಟ್ಟು ತೊಟ್ಟಾಗಿ ಬಿಟ್ಟು, ಪ್ರತಿ ತೊಟ್ಟಿನ ನಂತರ ಅಲ್ಲಾಡಿಸಿ ಒಂದೆರಡು ನಿಮಿಷ ಕಾಯಲು ಹೇಳಿ. ಅವಸರ ಮಾಡಿದವರಿಗೆ ಈ ಪರೀಕ್ಷೆ ಕೈಕೊಡುತ್ತದೆ.

ಕಾರ್ಬೊನೇಟ್ ಬೇಕಾಗುವುದು ಬೇಯರ್ ಪರೀಕ್ಷೆಗೆ. ಅಲ್ಲಿ ಆಮ್ಲವನ್ನು ಶೇ. 10ರ ಸೋಡಿಯಂ ಕಾರ್ಬೊನೇಟ್ 2 ಮಿ.ಲೀ.ನಲ್ಲಿ ಕರಗಿಸಿ, ಶೇ. 1ರ ಪೊಟ್ಯಾಸಿಯಂ ಪರ್ಮಾಂಗನೇಟ್ ತಣ್ಣಗೇ ತೊಟ್ಟು ತೊಟ್ಟು ಹಾಕಿ. ನೇರಳೆ ಹೋಗಿ ಕಂದು ಮ್ಯಾಂಗನೀಸ್ ಡೈಆಕ್ಸೈಡ್ ಕೂರಬೇಕು. ಒಂದೆರಡು ತೊಟ್ಟಿನ ಬಣ್ಣ ಹೋದ ಮಾತ್ರಕ್ಕೆ ‘ಅಪರ್ಯಾಪ್ತ’ ಎಂದು ಬರೆಯಬಾರದು, ಕಲ್ಮಶವೂ ಅಷ್ಟು ಮಾಡಬಲ್ಲದು. ಬಿಸಿ ಮಾಡಿದರೆ ಆಲ್ಕೋಹಾಲ್‌ಗಳೂ ಉತ್ಕರ್ಷಣಗೊಳ್ಳುತ್ತವೆ. ಆಲ್ಡಿಹೈಡ್‌ಗಳಂತೂ ತಣ್ಣಗಿದ್ದಾಗಲೇ ಬಣ್ಣ ಕಳೆಯುತ್ತವೆ. ಕರಗಿಸಲು ಎಥೆನಾಲ್ ಬಳಸುವ ಅಭ್ಯಾಸವಿದ್ದರೆ ಬಿಡಿ, ಅದನ್ನೂ ಪರ್ಮಾಂಗನೇಟ್ ನಿಧಾನಕ್ಕೆ ತಿನ್ನುತ್ತದೆ. ಅಸಿಟೋನ್ ವಾಸಿ, ಆದರೆ ಅದಕ್ಕೂ ಖಾಲಿ ಪರೀಕ್ಷೆ ಬೇಕು.

ಬ್ರೋಮಿನ್ ಪರೀಕ್ಷೆಯಲ್ಲಿ ಮೋಸ ಮಾಡುವವು ಫಿನಾಲ್ ಮತ್ತು ಅನಿಲೀನ್. ಬಣ್ಣ ಹೋಗುವುದರ ಜೊತೆಗೆ ಬಿಳಿ ಪ್ರಕ್ಷೇಪ ಬಂದರೆ ಅದು ಸಂಕಲನವಲ್ಲ, ಆದೇಶನ (ಹೈಡ್ರೋಜನ್ ಜಾಗಕ್ಕೆ ಬ್ರೋಮಿನ್ ಬರುವುದು). ಕಿಟಕಿಯ ಬಿಸಿಲಿನಲ್ಲಿ ಹೆಕ್ಸೇನ್ ಕೂಡ ಬ್ರೋಮಿನ್ ಬಣ್ಣ ಕಳೆಯುತ್ತದೆ, ಆಗ ಹೈಡ್ರೋಜನ್ ಬ್ರೋಮೈಡ್ ಹೊಗೆ ಏಳುತ್ತದೆ. ಪ್ರನಾಳದ ಬಾಯಿಗೆ ಒದ್ದೆ ನೀಲಿ ಲಿಟ್ಮಸ್ ಹಿಡಿದು ಇದನ್ನು ಪತ್ತೆ ಮಾಡಬಹುದು. ಆದರೆ ಲಿಟ್ಮಸ್ ಅನ್ನು ಬ್ರೋಮಿನ್ ನೀರಿನ ದ್ರಾವಣದಲ್ಲೇ ಅದ್ದಿ ನಿರ್ಧರಿಸಬೇಡಿ. ನೀರಿನಲ್ಲಿ ಮುಖ್ಯವಾಗಿ ಬರುವುದು ಡೈಬ್ರೋಮೈಡ್ ಅಲ್ಲ, ಬ್ರೋಮೋಹೈಡ್ರಿನ್ (ಒಂದು ಕಾರ್ಬನ್‌ಗೆ ಬ್ರೋಮಿನ್, ಪಕ್ಕದ್ದಕ್ಕೆ ಹೈಡ್ರಾಕ್ಸಿಲ್). ಬ್ರೋಮಿನ್ ಎರಡೂ ಕಾರ್ಬನ್‌ಗಳನ್ನು ಸೇತುವೆಯಾಗಿ ಹಿಡಿದ ಬ್ರೋಮೋನಿಯಂ ಅಯಾನ್ ಮೇಲೆ ಎರಡನೆಯದಾಗಿ ಬೀಳುವುದು ಸುತ್ತ ತುಂಬಿರುವ ನೀರು, ಆಗಲೂ ಹೈಡ್ರೋಜನ್ ಬ್ರೋಮೈಡ್ ಹುಟ್ಟಿ ದ್ರಾವಣ ಆಮ್ಲೀಯವಾಗುತ್ತದೆ.

ಕಾರ್ಬನ್ ಟೆಟ್ರಾಕ್ಲೋರೈಡ್ ಬಾಟಲಿ ಇನ್ನೂ ಕಪಾಟಿನಲ್ಲಿದ್ದರೆ ವಿದ್ಯಾರ್ಥಿಗಳ ಕೈಗೆ ಕೊಡಬೇಡಿ, ಯಕೃತ್ತಿಗೆ ವಿಷ. ಬ್ರೋಮಿನ್ ಇಟ್ಟ ಮೇಜಿನ ಮೇಲೆ ಶೇ. 10ರ ಸೋಡಿಯಂ ಥಯೋಸಲ್ಫೇಟ್ ದ್ರಾವಣ ಸದಾ ಇರಲಿ. ಚೆಲ್ಲಿದ್ದಕ್ಕೂ ಉಳಿದದ್ದಕ್ಕೂ ಅದನ್ನು ಹಾಕಿ ಬಣ್ಣ ಹೋದ ಮೇಲೆ ವಿಲೇವಾರಿ ಮಾಡಿ. ಚರ್ಮಕ್ಕೆ ತಾಗಿದರೆ ಮೊದಲು ಧಾರಾಳ ನೀರು. ಪ್ರನಾಳಕ್ಕೆ ಹಿಡಿದ ಕಂದು ಕಲೆ ಉಜ್ಜಿದರೆ ಹೋಗದು, ಸ್ವಲ್ಪ ಆಕ್ಸಾಲಿಕ್ ಆಮ್ಲ ಮತ್ತು ಸಾರರಿಕ್ತ ಸಲ್ಫ್ಯೂರಿಕ್ ಆಮ್ಲ ಹಾಕಿ ಬೆಚ್ಚಗೆ ಮಾಡಿದರೆ ಕರಗುತ್ತದೆ.

ಪ್ರಶ್ನೆ: ನಮ್ಮದು ಶೇಂಗಾ ಎಣ್ಣೆ ಗಿರಣಿ. ಹೊರಗಿನ ಲ್ಯಾಬ್ ಕೊಟ್ಟ ಅಯೋಡಿನ್ ಮೌಲ್ಯ ಒಂದು, ನಮ್ಮಲ್ಲೇ ಮಾಡಿದಾಗ ಬರುವುದು ಇನ್ನೊಂದು. ಬೇಸಿಗೆಯಲ್ಲಿ ವ್ಯತ್ಯಾಸ ಜಾಸ್ತಿ. ಎಲ್ಲಿ ತಪ್ಪುತ್ತಿದ್ದೇವೆ? ಈ ಸಂಖ್ಯೆ ಸರಿ ಬಂದರೆ ಎಣ್ಣೆ ಶುದ್ಧ ಅಂತಲೇ?
– ಗಿರಣಿಯ ಲ್ಯಾಬ್ ನೋಡಿಕೊಳ್ಳುವವರು, ಚಳ್ಳಕೆರೆ

ಉತ್ತರ: ಅಯೋಡಿನ್ ಮೌಲ್ಯ ಎಂದರೆ 100 ಗ್ರಾಂ ಎಣ್ಣೆಯ ದ್ವಿಬಂಧಗಳಿಗೆ ಎಷ್ಟು ಗ್ರಾಂ ಅಯೋಡಿನ್ ಸೇರಬಲ್ಲದು ಎಂಬ ಲೆಕ್ಕ. ನೂರಕ್ಕೆ ನೂರು ಸಂಕಲನ ಕ್ರಿಯೆ. ಎಣ್ಣೆಯೆಲ್ಲ ಟ್ರೈಓಲಿನ್ (ಪ್ರತಿ ಸರಪಳಿಗೆ ಒಂದು ದ್ವಿಬಂಧದ ಕೊಬ್ಬು) ಆಗಿದ್ದರೆ 86 ಬರಬೇಕು, ಎಲ್ಲ ಟ್ರೈಲಿನೋಲಿನ್ (ಪ್ರತಿ ಸರಪಳಿಗೆ ಎರಡು) ಆಗಿದ್ದರೆ ಸುಮಾರು 173. ಎಫ್‌ಎಸ್‌ಎಸ್‌ಎಐ (ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ) ಮಾನದಂಡದಲ್ಲಿ ಶೇಂಗಾ ಎಣ್ಣೆಗೆ 85ರಿಂದ 99, ಕೊಬ್ಬರಿ ಎಣ್ಣೆಗೆ 7.5ರಿಂದ 10.

ಶುದ್ಧ ಅಯೋಡಿನ್ ದ್ವಿಬಂಧಕ್ಕೆ ತೀರಾ ನಿಧಾನವಾಗಿ ಸೇರುತ್ತದೆ, ಸೇರಿದ್ದು ಬಿಟ್ಟೂ ಹೋಗುತ್ತದೆ. ಅದಕ್ಕೇ ವಿಜ್ಸ್ ದ್ರಾವಣ, ಅಂದರೆ ಗ್ಲೇಶಿಯಲ್ ಅಸಿಟಿಕ್ ಆಮ್ಲದಲ್ಲಿ ಅಯೋಡಿನ್ ಮೋನೋಕ್ಲೋರೈಡ್. ಅದರಲ್ಲಿ ಅಯೋಡಿನ್ ತುದಿ ಸ್ವಲ್ಪ ಧನಾವೇಶದ್ದು, ಅದು ಮೊದಲು ದ್ವಿಬಂಧ ಹಿಡಿಯುತ್ತದೆ, ಕ್ಲೋರೈಡ್ ಹಿಂದೆ ಬರುತ್ತದೆ.

ಕ್ರಮ ಹೀಗೆ. ಎಣ್ಣೆ ಸೋಸಿದ್ದಿರಬೇಕು, ನೀರಿನ ಅಂಶ ಇರಬಾರದು. ಗಾಜಿನ ಬಿರಡೆಯ ಅಯೋಡಿನ್ ಫ್ಲಾಸ್ಕ್‌ಗೆ 0.25ರಿಂದ 0.28 ಗ್ರಾಂ ಎಣ್ಣೆ ನಿಖರವಾಗಿ ತೂಗಿ, 20 ಮಿ.ಲೀ. ದ್ರಾವಕದಲ್ಲಿ (ಸೈಕ್ಲೋಹೆಕ್ಸೇನ್ ಮತ್ತು ಅಸಿಟಿಕ್ ಆಮ್ಲ ಸಮಸಮ) ಕರಗಿಸಿ. ವಿಜ್ಸ್ ದ್ರಾವಣ 25 ಮಿ.ಲೀ. ಪಿಪೆಟ್‌ನಿಂದ ಹಾಕಿ, ಬಾಯಿಂದ ಎಳೆಯಲೇಬೇಡಿ. ಬಿರಡೆಗೆ ಪೊಟ್ಯಾಸಿಯಂ ಅಯೋಡೈಡ್ ದ್ರಾವಣ ಸವರಿ ಮುಚ್ಚಿ, ಅಲ್ಲಾಡಿಸಿ, 30 ನಿಮಿಷ ಕತ್ತಲಲ್ಲಿಡಿ. ಆಮೇಲೆ ಶೇ. 10ರ ಪೊಟ್ಯಾಸಿಯಂ ಅಯೋಡೈಡ್ 15 ಮಿ.ಲೀ., ನೀರು 100 ಮಿ.ಲೀ. ಹಾಕಿ, 0.1 ನಾರ್ಮಲ್ ಥಯೋಸಲ್ಫೇಟ್‌ನಿಂದ ಟೈಟ್ರೇಟ್ ಮಾಡಿ. ತಿಳಿ ಹಳದಿ ಬಂದ ಮೇಲಷ್ಟೇ ಪಿಷ್ಟದ ದ್ರಾವಣ ಹಾಕಬೇಕು. ಕೊನೆಯಲ್ಲಿ ಬಲವಾಗಿ ಕುಲುಕಿ, ಅಯೋಡಿನ್ ದ್ರಾವಕದ ಪದರದಲ್ಲಿ ಉಳಿದುಕೊಂಡು ‘ಮುಗಿಯಿತು’ ಎಂದು ಮೋಸ ಮಾಡುತ್ತದೆ. ಎಣ್ಣೆ ಇಲ್ಲದ ಬ್ಲ್ಯಾಂಕ್ ಅದೇ ಹೊತ್ತಿಗೆ, ಅದೇ ಪಿಪೆಟ್‌ನಲ್ಲಿ ಆಗಬೇಕು.

ಲೆಕ್ಕ: ಬ್ಲ್ಯಾಂಕ್‌ನಿಂದ ಮಾದರಿಯ ಓದು ಕಳೆದು, 12.69ರಿಂದಲೂ ಥಯೋಸಲ್ಫೇಟ್ ನಾರ್ಮಾಲಿಟಿಯಿಂದಲೂ ಗುಣಿಸಿ, ಎಣ್ಣೆಯ ತೂಕದಿಂದ ಭಾಗಿಸಿ. ಬ್ಲ್ಯಾಂಕ್ 48.6, ಮಾದರಿ 28.6, ತೂಕ 0.270 ಗ್ರಾಂ ಆದರೆ ಮೌಲ್ಯ 94.0.

ಈಗ ತಪ್ಪುವ ಜಾಗಗಳು. ಟೈಟ್ರೇಷನ್ ಮುಗಿದಾಗ ಹಾಕಿದ ವಿಜ್ಸ್ ದ್ರಾವಣದ ಅರ್ಧಕ್ಕಿಂತ ಹೆಚ್ಚು ಉಳಿದಿರಬೇಕು. ಮೇಲಿನ ಉದಾಹರಣೆಯಲ್ಲಿ ಶೇ. 59 ಉಳಿದಿದೆ. ಎಣ್ಣೆ ಜಾಸ್ತಿ ತೂಗಿದರೆ ಕ್ರಿಯೆ ಪೂರ್ತಿಯಾಗದೆ ಮೌಲ್ಯ ಕಡಿಮೆ ಬರುತ್ತದೆ. ಬೆಳಕಿನಲ್ಲಿಟ್ಟರೆ ಅಥವಾ ಗಂಟೆಗಟ್ಟಲೆ ಬಿಟ್ಟರೆ ಸಂಕಲನದ ಜೊತೆ ಆದೇಶನವೂ ನಡೆದು ಹೆಚ್ಚು ಬರುತ್ತದೆ. ಅಯೋಡೈಡ್ ಹಾಕುವ ಮೊದಲೇ ಬಿರಡೆ ತೆರೆದಿಟ್ಟರೂ ಹೆಚ್ಚೇ, ಯಾಕೆಂದರೆ ಹ್ಯಾಲೋಜನ್ ಆವಿಯಾಗಿ ಹೋದದ್ದು ಎಣ್ಣೆಯ ಲೆಕ್ಕಕ್ಕೆ ಬೀಳುತ್ತದೆ.

ಬೇಸಿಗೆಯ ವ್ಯತ್ಯಾಸಕ್ಕೆ ನಮ್ಮ ಅನುಮಾನ ಅಸಿಟಿಕ್ ಆಮ್ಲದ ಮೇಲೆ. ಅದು 10 ಡಿಗ್ರಿ ಬಿಸಿಯೇರಿದರೆ ಶೇ. 1ಕ್ಕಿಂತ ತುಸು ಹೆಚ್ಚು ಹಿಗ್ಗುತ್ತದೆ. ಬೆಳಿಗ್ಗೆ ತಂಪಿನಲ್ಲಿ ಬ್ಲ್ಯಾಂಕ್ ಮಾಡಿ, ಚಳ್ಳಕೆರೆಯ ಮಧ್ಯಾಹ್ನದ ಬಿಸಿಲಿಗೆ ಮಾದರಿ ಮಾಡಿದರೆ ಅದೇ 25 ಮಿ.ಲೀ. ಪಿಪೆಟ್‌ನಲ್ಲಿ ಹೋಗುವ ಕಾರಕ ಕಡಿಮೆ. ಥಯೋಸಲ್ಫೇಟ್ ಲೆಕ್ಕದಲ್ಲಿ ಸುಮಾರು ಅರ್ಧ ಮಿ.ಲೀ., ಅಯೋಡಿನ್ ಮೌಲ್ಯದಲ್ಲಿ ಸುಮಾರು 2.5 ಅಂಕ ಸುಳ್ಳಾಗಿ ಏರುತ್ತದೆ. ಬ್ಲ್ಯಾಂಕ್ ಮತ್ತು ಮಾದರಿಯನ್ನು ಅಕ್ಕಪಕ್ಕದಲ್ಲೇ ಮಾಡಿ, ಥಯೋಸಲ್ಫೇಟ್ ಅನ್ನು ಆಗಾಗ ಡೈಕ್ರೋಮೇಟ್‌ನಿಂದ ಪ್ರಮಾಣೀಕರಿಸಿ. ಬಹುಪಾಲು ವ್ಯತ್ಯಾಸ ಇಲ್ಲೇ ಹೋಗಬೇಕು.

ಇನ್ನು ಶುದ್ಧತೆ. ಇಲ್ಲಿ ಗಟ್ಟಿಯಾಗಿ ಹೇಳಬೇಕು: ಅಯೋಡಿನ್ ಮೌಲ್ಯ ಒಂದರಿಂದ ಶುದ್ಧತೆ ಸಾಬೀತಾಗದು. ಅಯೋಡಿನ್ ಮೌಲ್ಯ 58ರ ಪಾಮೊಲಿನ್‌ಗೆ (ತಾಳೆ ಎಣ್ಣೆಯ ದ್ರವ ಭಾಗ) 130ರ ಸೂರ್ಯಕಾಂತಿ ಎಣ್ಣೆ ಶೇ. 47ರಷ್ಟು ಬೆರೆಸಿದರೆ 92 ಬರುತ್ತದೆ, ಒಂದು ತೊಟ್ಟು ಶೇಂಗಾ ಎಣ್ಣೆ ಇಲ್ಲದೆಯೇ. ಪರೀಕ್ಷೆ ಎಣಿಸುವುದು ದ್ವಿಬಂಧಗಳನ್ನು, ಅವು ಯಾವ ಬೀಜದಿಂದ ಬಂದವು ಎಂಬುದನ್ನಲ್ಲ. ಜೊತೆಗೆ ಬೆಲಿಯರ್ ಪರೀಕ್ಷೆಯನ್ನೂ ಮಾಡಿ. ಶೇಂಗಾ ಎಣ್ಣೆಯಲ್ಲಿರುವ ಉದ್ದ ಸರಪಳಿಯ ಪರ್ಯಾಪ್ತ ಆಮ್ಲಗಳಿಂದಾಗಿ ದ್ರಾವಣ 39ರಿಂದ 41 ಡಿಗ್ರಿಯಲ್ಲಿ ಮಬ್ಬಾಗಬೇಕು. ಅದೂ ಸರಿ ಬಂದ ಮೇಲೆ, ಅನುಮಾನ ಉಳಿದರೆ, ಗ್ಯಾಸ್ ಕ್ರೊಮ್ಯಾಟೋಗ್ರಫಿಯಲ್ಲಿ ಕೊಬ್ಬಿನಾಮ್ಲಗಳ ಪಟ್ಟಿ ತೆಗೆಸಿ.

ಪ್ರಶ್ನೆ: ವನಸ್ಪತಿಯಲ್ಲಿ ಟ್ರಾನ್ಸ್ ಫ್ಯಾಟ್ ಎಲ್ಲಿಂದ ಬರುತ್ತದೆ? ಹೈಡ್ರೋಜನ್ ಸೇರಿಸಿದರೆ ದ್ವಿಬಂಧ ಹೋಗಬೇಕಲ್ಲ, ಟ್ರಾನ್ಸ್ ಆಗುವುದು ಹೇಗೆ? ಬೆಣ್ಣೆ ದೋಸೆಗೆ ಬೆಣ್ಣೆಯ ಬದಲು ಅದನ್ನು ಹಾಕುತ್ತಾರೆಂಬ ಮಾತಿನಿಂದ ಕೇಳುತ್ತಿದ್ದೇನೆ.
– ಗೃಹಿಣಿ, ದಾವಣಗೆರೆ

ಉತ್ತರ: ಬಹಳ ಒಳ್ಳೆಯ ಪ್ರಶ್ನೆ ಅಮ್ಮ. ನಿಕಲ್ ಪುಡಿಯನ್ನು ಕ್ರಿಯಾವರ್ಧಕವಾಗಿ ಹಾಕಿ, ಎಣ್ಣೆಯನ್ನು 150ರಿಂದ 200 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ, ಒತ್ತಡದಲ್ಲಿ ಹೈಡ್ರೋಜನ್ ಬಿಡುತ್ತಾರೆ. ಹೀಗೆ ಹೈಡ್ರೋಜನ್ ಸೇರಿಸುವ ದಾರಿ ತೋರಿಸಿದ ಪಾಲ್ ಸಬಾಟಿಯೆ ಅವರಿಗೆ 1912ರ ನೊಬೆಲ್ ಸಂದಿತು. ಒಂದು ಕಿಲೋ ಟ್ರೈಓಲಿನ್ ಪೂರ್ತಿ ಪರ್ಯಾಪ್ತವಾಗಲು ಸುಮಾರು 6.8 ಗ್ರಾಂ ಹೈಡ್ರೋಜನ್ ಸಾಕು, ಅನಿಲವಾಗಿ ಸುಮಾರು 76 ಲೀಟರ್. ಅಷ್ಟಕ್ಕೇ ಸುಮಾರು 400 ಕಿಲೋಜೂಲ್ ಶಾಖ ಹೊರಬರುತ್ತದೆ. ತಣಿಸದೆ ಬಿಟ್ಟರೆ ಎಣ್ಣೆ ಇನ್ನೂ 200 ಡಿಗ್ರಿಯಷ್ಟು ಏರಿಬಿಡಬಹುದು, ಅದಕ್ಕೇ ಪಾತ್ರೆಯೊಳಗೆ ತಣ್ಣೀರಿನ ಸುರುಳಿ ಕೊಳವೆ ಇರುತ್ತದೆ.

ಹೈಡ್ರೋಜನ್‌ಗಳು ಎರಡೂ ಒಟ್ಟಿಗೆ ಸೇರುವುದಿಲ್ಲ, ನಿಕಲ್ ಮೇಲೆ ಒಂದಾದ ಮೇಲೊಂದು ಸೇರುತ್ತವೆ. ಮೊದಲನೆಯದು ಸೇರಿದಾಗ ಅಲ್ಲಿ ದ್ವಿಬಂಧ ಇರುವುದಿಲ್ಲ, ಒಂಟಿ ಬಂಧ ಇರುತ್ತದೆ, ಸರಪಳಿ ಅದರ ಸುತ್ತ ತಿರುಗಬಲ್ಲದು. ಆ ಹೊತ್ತಿಗೆ ಎರಡನೇ ಹೈಡ್ರೋಜನ್ ಸಿಗದಿದ್ದರೆ ಒಂದು ಹೈಡ್ರೋಜನ್ ವಾಪಸ್ ನಿಕಲ್‌ಗೆ ಹೋಗಿ ದ್ವಿಬಂಧ ಮತ್ತೆ ಹುಟ್ಟುತ್ತದೆ, ಆದರೆ ಈ ಸಲ ಹೆಚ್ಚು ಸ್ಥಿರವಾದ ಟ್ರಾನ್ಸ್ ರೂಪದಲ್ಲಿ, ಅಂದರೆ ಸರಪಳಿಯ ಎರಡು ಭಾಗಗಳು ದ್ವಿಬಂಧದ ಎದುರುಬದುರು ಬದಿಗಿರುವಂತೆ (ಎರಡೂ ಒಂದೇ ಬದಿಗಿದ್ದರೆ ಸಿಸ್). ಕೆಲವೊಮ್ಮೆ ಪಕ್ಕದ ಕಾರ್ಬನ್‌ಗೂ ಸರಿಯುತ್ತದೆ. ಹೈಡ್ರೋಜನ್ ಒತ್ತಡ ಕಡಿಮೆ, ಬಿಸಿ ಹೆಚ್ಚು ಆದಷ್ಟೂ ಟ್ರಾನ್ಸ್ ಹೆಚ್ಚು. ಸಿಸ್ ರೂಪದ ಓಲಿಯಿಕ್ ಆಮ್ಲ 13–14 ಡಿಗ್ರಿಯಲ್ಲೇ ಕರಗುತ್ತದೆ, ಟ್ರಾನ್ಸ್ ರೂಪದ ಎಲೈಡಿಕ್ ಆಮ್ಲಕ್ಕೆ ಸುಮಾರು 45 ಡಿಗ್ರಿ ಬೇಕು. ವನಸ್ಪತಿ ಗಟ್ಟಿಯಾಗಿ ನಿಲ್ಲುವುದರಲ್ಲಿ ಇದರ ಪಾಲೂ ಇತ್ತು.

ಪೂರ್ತಿ ಹೈಡ್ರೋಜನ್ ಸೇರಿಸಿದ ಕೊಬ್ಬಿನಲ್ಲಿ ದ್ವಿಬಂಧವೇ ಉಳಿಯದ್ದರಿಂದ ಟ್ರಾನ್ಸ್ ಹೆಚ್ಚು ಕಡಿಮೆ ಇರುವುದಿಲ್ಲ. ತೊಂದರೆ ಅರ್ಧಕ್ಕೆ ನಿಲ್ಲಿಸಿದ್ದರಲ್ಲಿ. ಪೊಟ್ಟಣದ ಮೇಲೆ ‘ಪಾರ್ಷಿಯಲಿ ಹೈಡ್ರೋಜನೇಟೆಡ್’ ಎಂದಿದೆಯೇ ನೋಡಿ. 2022ರ ಜನವರಿಯಿಂದ ಎಣ್ಣೆ, ಕೊಬ್ಬುಗಳಲ್ಲಿ ಕೈಗಾರಿಕಾ ಟ್ರಾನ್ಸ್ ಫ್ಯಾಟ್ ಶೇ. 2 ಮೀರಬಾರದೆಂದು ಎಫ್‌ಎಸ್‌ಎಸ್‌ಎಐ ನಿಯಮವಿದೆ. ಬೆಣ್ಣೆಯಲ್ಲೂ ಹಸುವಿನ ಹೊಟ್ಟೆಯ ಸೂಕ್ಷ್ಮಜೀವಿಗಳಿಂದ ಹುಟ್ಟಿದ ಟ್ರಾನ್ಸ್ ಕೊಬ್ಬು ಸ್ವಲ್ಪ ಇದ್ದೇ ಇರುತ್ತದೆ.

ಪ್ರಶ್ನೆ: ಬ್ಯೂಟ್-2-ಈನ್‌ಗೆ ಬ್ರೋಮಿನ್ ಸೇರಿದಾಗ ಸಿಸ್‌ನಿಂದ ರೆಸಿಮಿಕ್ (ಕನ್ನಡಿ ಪ್ರತಿಬಿಂಬದ ಜೋಡಿಯ ಸಮ ಮಿಶ್ರಣ), ಟ್ರಾನ್ಸ್‌ನಿಂದ ಮೀಸೊ (ತನ್ನ ಪ್ರತಿಬಿಂಬದಂತೆಯೇ ಇರುವ ಒಂದೇ ಅಣು). ಪ್ರತಿ ಸಲ ಅದಲುಬದಲಾಗುತ್ತದೆ.
– ಬಿ.ಎಸ್ಸಿ. ವಿದ್ಯಾರ್ಥಿ, ಹೊಸದುರ್ಗ

ಉತ್ತರ: ಬ್ರೋಮೋನಿಯಂ ಉಂಗುರ ಬರೆದು, ಎರಡನೇ ಬ್ರೋಮೈಡ್ ಅನ್ನು ಯಾವಾಗಲೂ ಅದರ ಎದುರು ಬದಿಯಿಂದ ತನ್ನಿ, ಅದಲುಬದಲಾಗುವುದಿಲ್ಲ. ಈ ಉಂಗುರವನ್ನು 1937ರಲ್ಲಿ ರಾಬರ್ಟ್ಸ್ ಮತ್ತು ಕಿಂಬಾಲ್ ಸೂಚಿಸಿದರು. ಹೈಡ್ರಾಕ್ಸಿಲ್‌ಗಳೆರಡನ್ನೂ ಒಂದೇ ಬದಿಗೆ ಸೇರಿಸುವ ತಣ್ಣನೆಯ ಪರ್ಮಾಂಗನೇಟ್‌ನಲ್ಲಿ ಫಲಿತಾಂಶ ತಿರುಗುತ್ತದೆ: ಸಿಸ್‌ನಿಂದ ಮೀಸೊ ಡಯಾಲ್. ಎರಡು ಹೆಜ್ಜೆ ಎಂಬುದಕ್ಕೆ ಸಾಕ್ಷಿ ಬೇಕಾದರೆ ಅಡುಗೆ ಉಪ್ಪಿನ ನೀರಿನಲ್ಲಿ ಎಥಿಲೀನ್‌ಗೆ ಬ್ರೋಮಿನ್ ಹಾಕಿದ ಪ್ರಯೋಗ ಓದಿ. 1-ಬ್ರೋಮೋ-2-ಕ್ಲೋರೋಈಥೇನ್ ಸಿಗುತ್ತದೆ, ಡೈಕ್ಲೋರೋಈಥೇನ್ ಸಿಗುವುದಿಲ್ಲ. ಮೊದಲ ಹೆಜ್ಜೆ ಬ್ರೋಮಿನ್‌ನದ್ದೇ ಆಗಿರದಿದ್ದರೆ ಹಾಗಾಗುತ್ತಿರಲಿಲ್ಲ.

ಪ್ರಶ್ನೆ: ಅಡಿಕೆ ತೋಟದಲ್ಲಿ ಬಾಳೆ ಹಾಕಿದ್ದೇವೆ. ದೂರದ ಮಾರುಕಟ್ಟೆಗೆ ಕಳಿಸುವ ಬಾಕ್ಸ್‌ನಲ್ಲಿ ನೇರಳೆ ಹರಳಿನ ಸಣ್ಣ ಪೊಟ್ಟಣ ಇಡುತ್ತಾರೆ. ಅದರಲ್ಲಿ ಏನಿದೆ, ನಾವೇ ಮಾಡಿಕೊಳ್ಳಬಹುದೇ?
– ಬೆಳೆಗಾರರು, ಚನ್ನಗಿರಿ

ಉತ್ತರ: ಅಲ್ಯೂಮಿನಾ ಅಥವಾ ಜಿಯೋಲೈಟ್ ಗುಳಿಗೆಗೆ ಹೀರಿಸಿದ ಪೊಟ್ಯಾಸಿಯಂ ಪರ್ಮಾಂಗನೇಟ್ ಅದು. ಬಾಳೆ ತಾನೇ ಬಿಡುವ ಎಥಿಲೀನ್ ಅನಿಲ ಬಾಳೆಯನ್ನು ಹಣ್ಣು ಮಾಡುತ್ತದೆ. ಎಥಿಲೀನ್ ಎಂದರೆ ಅತಿ ಚಿಕ್ಕ ಆಲ್ಕೀನ್. ಪರ್ಮಾಂಗನೇಟ್ ಅದರ ದ್ವಿಬಂಧಕ್ಕೆ ಸೇರಿ ಮೊದಲು ಗ್ಲೈಕಾಲ್, ಮುಂದೆ ಇಂಗಾಲದ ಡೈಆಕ್ಸೈಡ್‌ವರೆಗೂ ಒಯ್ಯುತ್ತದೆ. ಪೂರ್ತಿ ಕೊನೆಯವರೆಗೆ ಹೋದರೆ ಒಂದು ಗ್ರಾಂ ಪರ್ಮಾಂಗನೇಟ್ ಸುಮಾರು 44 ಮಿಲಿಗ್ರಾಂ ಎಥಿಲೀನ್ ತಿನ್ನುತ್ತದೆ. ಕಡಿಮೆ ಅನಿಸಿದರೂ ಹಸಿರು ಕಾಯಿ ಬಿಡುವ ಎಥಿಲೀನ್ ತೀರಾ ಅಲ್ಪ. ಆದರೆ ಒಂದೇ ಒಂದು ಹಣ್ಣಾದ ಕಾಯಿ ಒಳಗಿದ್ದರೆ ಪೊಟ್ಟಣ ಸೋಲುತ್ತದೆ, ಆದ್ದರಿಂದ ಆರಿಸುವುದೇ ಮುಖ್ಯ. ಸಾಗಣೆಯಲ್ಲಿ 13–14 ಡಿಗ್ರಿ ಸಿಕ್ಕರೆ ಒಳ್ಳೆಯದು, ಅದಕ್ಕಿಂತ ಇಳಿದರೆ ಸಿಪ್ಪೆ ಕಪ್ಪಾಗುತ್ತದೆ.

ಮನೆಯಲ್ಲಿ ಮಾಡಿಕೊಳ್ಳುವುದು ಬೇಡ. ಬಿಡಿ ಪರ್ಮಾಂಗನೇಟ್ ಹರಳು ಗ್ಲಿಸರಿನ್ ತಾಗಿದರೆ ತಾನಾಗಿ ಹೊತ್ತಿಕೊಳ್ಳುತ್ತದೆ, ಸಕ್ಕರೆ, ಒಣ ಹುಲ್ಲು, ಗಂಧಕದ ಜೊತೆಗೂ ಅಪಾಯ, ಕಾಯಿಗೆ ಸೋರಿದರೆ ಕಲೆ. ಅನಿಲ ಒಳಹೋಗುವ, ಪುಡಿ ಹೊರಬಾರದ ಕಾಗದದ ಪೊಟ್ಟಣವನ್ನೇ ಕೊಳ್ಳಿ, ಬಳಸುವವರೆಗೆ ಬಿಗಿಯಾಗಿ ಮುಚ್ಚಿಡಿ. ಬಿಚ್ಚಿಟ್ಟರೆ ಗೋದಾಮಿನ ಗಾಳಿಯಲ್ಲೇ ಅದರ ಶಕ್ತಿ ಖರ್ಚಾಗುತ್ತದೆ.

ಹಣ್ಣು ಮಾಡುವಾಗ ಇದರ ಉಲ್ಟಾ ಕೆಲಸ: ಕೋಣೆಗೆ ಎಥಿಲೀನ್ ಬಿಡಬೇಕು. ನಿಯಮದಲ್ಲಿ 100 ಪಿಪಿಎಂವರೆಗೆ (ಹತ್ತು ಲಕ್ಷ ಪಾಲು ಗಾಳಿಗೆ 100 ಪಾಲು) ಅವಕಾಶವಿದೆ, ಕಾರ್ಬೈಡ್‌ಗೆ ನಿಷೇಧವಿದೆ. ಗಾಳಿಯಲ್ಲಿ ಎಥಿಲೀನ್ ಸ್ಫೋಟಿಸುವುದು ಶೇ. 2.7 ದಾಟಿದ ಮೇಲೆ, ಅಂದರೆ 27,000 ಪಿಪಿಎಂ. ಕೋಣೆಯ ಅಳತೆ ಅದರ ಹತ್ತಿರವೂ ಹೋಗದು, ಆದರೆ ಸಿಲಿಂಡರ್ ಸೋರಿದರೆ ಹೋಗಬಹುದು. ಸಿಲಿಂಡರ್ ಅನ್ನು ಹೊರಗಿಟ್ಟು ಕೊಳವೆಯಲ್ಲಿ ಒಳಗೆ ತನ್ನಿ. ಹಸಿರು ಕಾಯಿಯ ಬಾಕ್ಸ್‌ಗಳನ್ನು ಆ ಕೋಣೆಯ ಪಕ್ಕ ಇಡಬೇಡಿ. ಪೊಟ್ಟಣದೊಳಗಿನ ಗುಳಿಗೆ ನೇರಳೆಯಿಂದ ಪೂರ್ತಿ ಕಂದಾಗಿದ್ದರೆ ಅದು ಮುಗಿದಂತೆ, ಬಿಸಿಲಿಗಿಟ್ಟು ಒಣಗಿಸಿದರೂ ಮತ್ತೆ ಕೆಲಸಕ್ಕೆ ಬರುವುದಿಲ್ಲ.